ಸಮಾನರಲ್ಲದವರ ಸಹಕಾರ

ಅರಸೀಕೆರೆಗೆ ಸಮೀಪದ ಹಾರನಹಳ್ಳಿಯಲ್ಲಿ ಲಕ್ಷ್ಮೀನರಸಿಂಹ ದೇವಾಲಯವೊಂದುಂಟು. ಅದನ್ನು ಹೊರಗಿನಿಂದ ಮಾತ್ರ ನೋಡಿದವನು ಒಂದೇ ಗರ್ಭಗೃಹದ ಗುಡಿಯೆಂದು ಭಾವಿಸಿ ಹಿಂದಿರುಗಿದರೆ ಆಶ್ಚರ್ಯವಿಲ್ಲ. ಕಣ್ಣಿಗೆ ಬೀಳುವ ಶಿಖರ ಒಂದೇ. ಶಿಖರದಿಂದ ಮುಂದಕ್ಕೆ ಚಾಚಿರುವ ಸುಕನಾಸಿಯೂ ಅದೊಂದಕ್ಕೇ. ಒಳಹೊಕ್ಕು ನವರಂಗದ ನಡುವೆ ನಿಂತಾಗ ಗರ್ಭಗೃಹಗಳು ಮೂರೆಂಬುದು ತಿಳಿಯುತ್ತದೆ. ಎಡಬಲದ ಎರಡಕ್ಕೂ ಶಿಖರವಿಲ್ಲ. ನಡುವಣ ಅಂತರಾಳವೂ ಇಲ್ಲದೆ ಅವು ನೇರವಾಗಿ ನವರಂಗಕ್ಕೆ ಹೊಂದಿಕೊಂಡಿವೆ. ಒಳಗಿನ ಭಕ್ತನಿಗೆ ಮೂವರು ದೇವರೂ ಒಂದೇ ಅಂಗಳದ ಒಡೆಯರು. ಹೊರಗಿನ ದಾರಿಹೋಕನಿಗೆ ಒಬ್ಬನೇ ಒಡೆಯ. 1230ರ ದಶಕದಲ್ಲಿ, ಹೊಯ್ಸಳರ ಆಳಿಕೆಯ ಕಾಲದಲ್ಲಿ, ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಮೂವರು ಸಹೋದರರು ಇದನ್ನು ಕಟ್ಟಿಸಿದರು. ಮೂವರ ಕೈಯಲ್ಲಿಯೂ ಹೊನ್ನು ಸಮನಾಗಿತ್ತೆ, ಕಟ್ಟಡದ ವಿಚಾರದಲ್ಲಿ ಮೂವರ ಮಾತೂ ಸಮನಾಗಿ ನಡೆಯಿತೆ ಎಂದು ಕೇಳುವುದು ಭಕ್ತರಿಗೆ ತಕ್ಕ ಮಾತಲ್ಲ. ಆದರೂ ಆ ನವರಂಗದಲ್ಲಿ ನಿಂತಾಗಲೆಲ್ಲ ನನಗೆ ಈ ಪ್ರಶ್ನೆಯೇ ಬರುತ್ತದೆ. ಈಚಿನ ವರ್ಷಗಳಲ್ಲಿ ವೃತ್ತಪತ್ರಿಕೆಗಳನ್ನು ಓದುವಾಗಲೂ ಬರುತ್ತಿದೆ.

ಬಲದಲ್ಲಿ ಸಮಾನರಲ್ಲದವರು ಹಕ್ಕಿನಲ್ಲಿ ಸಮಾನರಾಗಿ ಕೂಡಿ ಕೆಲಸಮಾಡಬಲ್ಲರೆ? ಮನುಷ್ಯರಲ್ಲಿ ಸರಿಸಮಾನರಾದವರು ಕೂಡುವುದು ವಿರಳ. ಅಣ್ಣತಮ್ಮಂದಿರಿರಲಿ, ಪಾಲುಗಾರರಿರಲಿ, ಒಂದೇ ಕೆರೆಯ ನೀರುಣ್ಣುವ ರೈತರಿರಲಿ, ಒಬ್ಬನ ಕೈ ಮೇಲು, ಇನ್ನೊಬ್ಬನ ಕೈ ಕೆಳಗು. ಹಾಗಿದ್ದೂ ಕೂಡಿ ಬಾಳದೆ ಗತಿಯಿಲ್ಲ. ರಾಷ್ಟ್ರಗಳ ಮಾತೂ ಹೀಗೆಯೆ. ಆದುದರಿಂದ ಬ್ರಿಕ್ಸ್ ಎಂಬ ಹೆಸರಿನಿಂದ ಭಾರತ, ಚೀನಾ, ರಷ್ಯಾ, ಬ್ರೆಜಿಲ್, ದಕ್ಷಿಣ ಆಫ್ರಿಕಾಗಳು ಕಟ್ಟಿಕೊಂಡ ಆರ್ಥಿಕ ಸಹಕಾರವನ್ನು ರಾಜಕಾರಣದ ವಾರ್ತೆಯಾಗಿ ಓದಿ ಬಿಟ್ಟುಬಿಡದೆ, ಧರ್ಮವಿಚಾರವಾಗಿಯೂ ಸ್ವಲ್ಪ ಪರಿಶೀಲಿಸಬೇಕೆಂದು ನನ್ನ ಆಸೆ.

ಈ ಕೂಟದ ಜಾತಕವೇ ವಿಚಿತ್ರವಾದದ್ದು. 2001ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಹಣದ ಸಂಸ್ಥೆಯ ಅರ್ಥಶಾಸ್ತ್ರಜ್ಞರಾದ ಜಿಮ್ ಓನೀಲ್ ಎಂಬವರು, ಮುಂದೆ ಬೆಳೆಯಲಿರುವ ನಾಲ್ಕು ದೇಶಗಳ ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿ ‘ಬ್ರಿಕ್’ ಎಂದು ಕರೆದರು. ಹಣ ಹೂಡುವವರ ಅನುಕೂಲಕ್ಕಾಗಿ ಹುಟ್ಟಿದ ಹೆಸರು ಅದು; ಕೂಸು ಹುಟ್ಟುವುದಕ್ಕೆ ಮುಂಚೆಯೇ ಪರರ ಮನೆಯ ಜೋಯಿಸರು ನಾಮಕರಣ ಮಾಡಿದಂತಾಯಿತು. 2009ರ ಜೂನ್ ತಿಂಗಳಲ್ಲಿ ರಷ್ಯಾದ ಯೆಕಟೆರಿನ್‌ಬರ್ಗ್ ನಗರದಲ್ಲಿ ನಾಲ್ಕು ದೇಶಗಳ ಮುಖಂಡರು ಮೊದಲ ಶೃಂಗಸಭೆಯಲ್ಲಿ ಕಲೆತರು. 2011ರ ಸಭೆಯ ವೇಳೆಗೆ ದಕ್ಷಿಣ ಆಫ್ರಿಕಾ ಸೇರಿತ್ತು. ಪರರು ಇಟ್ಟ ಹೆಸರನ್ನೇ ಹೊತ್ತುಕೊಂಡು ಪರರ ಮೇಲೆ ದೂರು ಹೇಳಲು ಅವರು ಕೂಡಿದರು. ಆ ದೂರಿನಲ್ಲಿ ಸತ್ಯವಿತ್ತು.

ದೂರೇನೆಂದು ತಿಳಿಯುವುದಕ್ಕೆ 1944ಕ್ಕೆ ಹೋಗಬೇಕು. ಆ ವರ್ಷದ ಜುಲೈನಲ್ಲಿ ಅಮೆರಿಕದ ಬ್ರೆಟನ್ ವುಡ್ಸ್ ಎಂಬಲ್ಲಿ 44 ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ಅಂತರರಾಷ್ಟ್ರೀಯ ಹಣಕಾಸು ನಿಧಿಗೂ ವಿಶ್ವಬ್ಯಾಂಕಿಗೂ ಅಡಿಗಲ್ಲು ಹಾಕಿದರು. ಆಗಿನ್ನೂ ಪರರ ಆಳಿಕೆಯಲ್ಲಿದ್ದ ಭಾರತವೂ ತನ್ನ ನಿಯೋಗವನ್ನು ಕಳುಹಿಸಿತ್ತು, ಸಿ. ಡಿ. ದೇಶಮುಖರೂ ಷಣ್ಮುಖಂ ಚೆಟ್ಟಿಯವರೂ ಅದರಲ್ಲಿದ್ದರು. ನಿಧಿಯಲ್ಲಿ ಅಮೆರಿಕದ ಪಾಲು 275 ಕೋಟಿ ಡಾಲರ್ ಎಂದೂ, ಚೀನಾದ್ದು 55 ಕೋಟಿ, ಭಾರತದ್ದು 40 ಕೋಟಿ ಎಂದೂ ಗೊತ್ತಾಯಿತು. ಪಾಲಿಗೆ ತಕ್ಕಂತೆ ಮತ. ಇಂದಿಗೂ ಆ ನಿಧಿಯಲ್ಲಿ ಅಮೆರಿಕದ ಮತ ನೂರಕ್ಕೆ 16ಕ್ಕಿಂತ ಹೆಚ್ಚು. ಭಾರತದ ಮತ ನೂರಕ್ಕೆ 3ಕ್ಕಿಂತ ಕಡಮೆ. ಬಹು ಮುಖ್ಯವಾದ ನಿರ್ಣಯಗಳಿಗೆ ನೂರಕ್ಕೆ 85 ಮತ ಬೇಕೆಂಬ ನಿಯಮವಿರುವುದರಿಂದ, ಅಮೆರಿಕವೊಂದು ಬೇಡವೆಂದರೆ ಆ ನಿರ್ಣಯ ಬಿದ್ದುಹೋಗುತ್ತದೆ. 2010ರಲ್ಲಿ ಒಪ್ಪಿಗೆಯಾದ ಪಾಲುಗಳ ಸುಧಾರಣೆ ಜಾರಿಗೆ ಬಂದದ್ದು 2016ರ ಆರಂಭದಲ್ಲಿ. ಅಮೆರಿಕದ ಶಾಸನಸಭೆ ಅಷ್ಟು ದಿನ ಅದನ್ನು ಮಲಗಿಸಿತ್ತು. ವಿಶ್ವಬ್ಯಾಂಕಿನ ಅಧ್ಯಕ್ಷತೆ ಅಮೆರಿಕದ ಪ್ರಜೆಗೆ, ನಿಧಿಯ ಮುಖ್ಯಾಧಿಕಾರ ಐರೋಪ್ಯನಿಗೆ ಎಂಬ ಅಲಿಖಿತ ಕಟ್ಟಳೆ ಈವರೆಗೆ ಮುರಿದಿಲ್ಲ.

ಆದರೆ ಈ ಏರ್ಪಾಡನ್ನು ಕೇವಲ ಅನ್ಯಾಯವೆಂದು ತಳ್ಳಿಬಿಡುವುದು ವಿಚಾರವಂತರಿಗೆ ಒಪ್ಪತಕ್ಕದ್ದಲ್ಲ. ಹೆಚ್ಚು ಹಣವಿಟ್ಟವನು ಹೆಚ್ಚು ನಷ್ಟಕ್ಕೆ ಒಡ್ಡಿಕೊಂಡವನು. ಅವನ ಮಾತಿಗೆ ಹೆಚ್ಚು ತೂಕವಿರಬೇಕೆಂಬುದರಲ್ಲಿ ಒಂದು ನ್ಯಾಯವುಂಟು. ಸಮಾನರಿಗೆ ಸಮಾನವಾಗಿ, ಅಸಮಾನರಿಗೆ ಅವರವರ ಯೋಗ್ಯತೆಗೆ ತಕ್ಕಂತೆ ಹಂಚುವುದೇ ನ್ಯಾಯವೆಂದು ಗ್ರೀಕರ ಅರಿಸ್ಟಾಟಲನು ಹೇಳಿದ್ದು ಇದಕ್ಕೆ ಆಧಾರವಾಗಬಹುದು. ಆದರೆ ಆ ಯೋಗ್ಯತೆಯನ್ನು ಯಾವುದರಿಂದ ಅಳೆಯಬೇಕು? ಹಣದ ಚೀಲದಿಂದಲೆ, ತಲೆಗಳ ಎಣಿಕೆಯಿಂದಲೆ, ಸಾಲದ ಅಗತ್ಯದಿಂದಲೆ? ಸಾಲವೆಂಬುದು ಕೊಡುವವನಿಗೆ ವ್ಯವಹಾರ, ತೆಗೆದುಕೊಳ್ಳುವವನಿಗೆ ಹಲವು ವೇಳೆ ಪ್ರಾಣ.

ಈ ಪ್ರಶ್ನೆಗೆ ನಮ್ಮ ನಾಡು ಬಹು ಹಿಂದೆಯೇ ಒಂದು ಉತ್ತರ ಕೊಟ್ಟಿತ್ತು. 1904ರ ಸಹಕಾರ ಕಾಯಿದೆ ಹೊರಟ ಮರುವರ್ಷವೇ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ದೇಶದಲ್ಲಿ ಅಂತಹ ಸಂಘಗಳಿಗೆಲ್ಲ ಅದೇ ಮೊದಲು. ಕಾಯಿದೆಯ ಮೇರೆಗೆ ಇಂತಹ ಹಳ್ಳಿಯ ಸಂಘದಲ್ಲಿ ನೂರು ಎಕರೆಯ ಗೌಡನಿಗೂ ಒಂದು ಮತ, ಎರಡು ಎಕರೆಯ ಒಕ್ಕಲಿಗನಿಗೂ ಒಂದು ಮತ. ಇದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಅದರ ಜೊತೆಗಿದ್ದ ಇನ್ನೊಂದು ನಿಯಮವನ್ನು ನಾವು ಮರೆತಿದ್ದೇವೆ. ಅಂದಿನ ಹಳ್ಳಿಯ ಸಂಘಗಳ ಹೊಣೆ ಅಮಿತವಾದದ್ದು. ಸಂಘ ಸಾಲ ತೀರಿಸಲಾರದೆ ಹೋದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಆಸ್ತಿಯಷ್ಟಕ್ಕೂ ಉತ್ತರವಾದಿ. ಮತವು ಸಮಾನವಾದದ್ದು ಯಾರೋ ಉದಾರಿಗಳು ಕೊಟ್ಟ ದಾನವಾಗಿ ಅಲ್ಲ. ಎಲ್ಲರೂ ಒಂದೇ ಹಗ್ಗಕ್ಕೆ ಕೊರಳು ಕೊಟ್ಟಿದ್ದರಿಂದ ಎಲ್ಲರ ಧ್ವನಿಗೂ ಒಂದೇ ಬೆಲೆ ಬಂದಿತು. ಹೊಣೆಯಲ್ಲಿ ಸಮನಾಗದೆ ಮತದಲ್ಲಿ ಸಮನಾಗಬೇಕೆಂಬುದೂ, ಮತದಲ್ಲಿ ಸಮಪಾಲು ಕೊಡದೆ ಹೊಣೆಯಲ್ಲಿ ಮಾತ್ರ ಸಮಪಾಲು ಕೇಳುವುದೂ ಆ ಹಳ್ಳಿಯವರ ಲೆಕ್ಕದಲ್ಲಿ ಎರಡೂ ಮೋಸವೆ.

ಈಗ ಬ್ರಿಕ್ಸ್ ದೇಶಗಳು ಮಾಡಿದ್ದನ್ನು ಈ ಅಳತೆಗೋಲಿನಿಂದ ನೋಡೋಣ. 2014ರ ಜುಲೈನಲ್ಲಿ ಬ್ರೆಜಿಲ್ ದೇಶದ ಫೋರ್ಟಲೇಝಾ ನಗರದಲ್ಲಿ ಐದು ರಾಷ್ಟ್ರಗಳು ನೂತನ ಅಭಿವೃದ್ಧಿ ಬ್ಯಾಂಕಿನ ಕರಾರಿಗೆ ಸಹಿ ಹಾಕಿದವು. ಮೊದಲ ಬಂಡವಾಳ 5,000 ಕೋಟಿ ಡಾಲರ್. ತಲಾ 1,000 ಕೋಟಿ. ಅದರಲ್ಲಿ ಕೈಯಿಂದ ತೆತ್ತು ಕೊಡಬೇಕಾದ್ದು ತಲಾ 200 ಕೋಟಿ. ಮಿಕ್ಕದ್ದು ಕರೆದಾಗ ಕೊಡತಕ್ಕ ಹೊಣೆ. ಐವರಿಗೂ ಸಮಾನ ಮತ, ಯಾರಿಗೂ ತಡೆಹಿಡಿಯುವ ವಿಶೇಷಾಧಿಕಾರವಿಲ್ಲ. ಕಚೇರಿ ಚೀನಾದ ಶಾಂಘೈಯಲ್ಲಿ. ಮೊದಲ ಅಧ್ಯಕ್ಷರು ಭಾರತದವರು. ಆ ಅಧ್ಯಕ್ಷರು ನಮ್ಮ ಮಂಗಳೂರಿನ ಕೆ. ವಿ. ಕಾಮತರು, 2015ರಿಂದ 2020ರವರೆಗೆ ಆ ಪೀಠದಲ್ಲಿದ್ದರು. 2016ರಲ್ಲಿ ಬ್ಯಾಂಕು ತನ್ನ ಪ್ರಪ್ರಥಮ ಸಾಲಗಳಿಗೆ ಒಪ್ಪಿಗೆ ಕೊಟ್ಟಾಗ, ಸೂರ್ಯಶಕ್ತಿ ಮೊದಲಾದ ಅಕ್ಷಯ ಶಕ್ತಿಮೂಲಗಳಿಗಾಗಿ 25 ಕೋಟಿ ಡಾಲರುಗಳನ್ನು ಗೊತ್ತುಮಾಡಿದ್ದು ಕೆನರಾ ಬ್ಯಾಂಕಿನ ಹೆಸರಿಗೆ. ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಆ ಬ್ಯಾಂಕಿನ ಮೂಲಸಂಸ್ಥೆಯನ್ನು ತೆರೆದದ್ದು 1906ರಲ್ಲಿ, ಕಣಗಿನಹಾಳದ ಸಂಘ ಹುಟ್ಟಿದ ಮರುವರ್ಷ. ಕನ್ನಡಿಗನಾದವನು ಇದನ್ನು ಓದಿ ಸ್ವಲ್ಪ ಹಿಗ್ಗಿದರೆ ತಪ್ಪೇನೂ ಇಲ್ಲ.

ಹಿಗ್ಗಿದ ಮೇಲೆ ಲೆಕ್ಕವನ್ನೂ ನೋಡಬೇಕು. ಐವರೂ ಒಂದೇ ಮೊತ್ತ ಕೊಟ್ಟರು. ಆದರೆ ಮೊತ್ತ ಒಂದಾದ ಮಾತ್ರಕ್ಕೆ ಭಾರ ಒಂದಾಗುವುದಿಲ್ಲ. ಚೀನಾದ ವಾರ್ಷಿಕ ಉತ್ಪತ್ತಿ ಉಳಿದ ನಾಲ್ವರ ಒಟ್ಟು ಉತ್ಪತ್ತಿಯನ್ನು ಮೀರಿದ್ದು; ದಕ್ಷಿಣ ಆಫ್ರಿಕಾದ್ದಕ್ಕೆ ಅದು ಸುಮಾರು ನಲವತ್ತು ಪಟ್ಟು. ಎತ್ತು ಹೊರುವ ಮೂಟೆಯನ್ನು ಕರುವೂ ಹೊತ್ತಿತು. ಹಾಗೆ ಹೊತ್ತದ್ದರಿಂದಲೇ ಅದರ ಮತಕ್ಕೆ ಸಮಾನ ಬೆಲೆ ಬಂದಿತು. ಬಡವನು ಸಮಾನತೆಗೆ ತೆರುವ ಬೆಲೆ ಯಾವಾಗಲೂ ಹೆಚ್ಚೆಂಬುದು ಹೊಸ ಸಂಗತಿಯೇನಲ್ಲ. ಅದೇ ಫೋರ್ಟಲೇಝಾದಲ್ಲಿ ಅದೇ ಐವರು ಇನ್ನೊಂದು ಏರ್ಪಾಡನ್ನೂ ಮಾಡಿಕೊಂಡರು. ಆಪತ್ಕಾಲದಲ್ಲಿ ಒಬ್ಬರಿಗೊಬ್ಬರು ವಿದೇಶೀ ಹಣ ಒದಗಿಸುವ 10,000 ಕೋಟಿ ಡಾಲರಿನ ಮೀಸಲು. ಇಲ್ಲಿ ಚೀನಾ 4,100 ಕೋಟಿ, ಭಾರತ, ರಷ್ಯಾ, ಬ್ರೆಜಿಲ್ ತಲಾ 1,800 ಕೋಟಿ, ದಕ್ಷಿಣ ಆಫ್ರಿಕಾ 500 ಕೋಟಿ. ಆಪತ್ತಿಗೊಳಗಾದ ದೇಶ ತನ್ನ ಮಿತಿಯ ನೂರಕ್ಕೆ 30ರಷ್ಟನ್ನು ಮಾತ್ರ ನೇರವಾಗಿ ಪಡೆಯಬಹುದು. ಉಳಿದ 70 ಬೇಕಾದರೆ ಅದೇ ಅಂತರರಾಷ್ಟ್ರೀಯ ನಿಧಿಯೊಂದಿಗೆ ಒಪ್ಪಂದವಾಗಿರಬೇಕೆಂದು ಬರೆದುಕೊಂಡರು. ಹಳೆಯ ಮನೆಯ ಯಜಮಾನಿಕೆಯನ್ನು ಸಹಿಸದೆ ಹೊಸ ಮನೆ ಕಟ್ಟಿದವರು ಅದರ ಒಂದು ಗೋಡೆಯನ್ನು ಹಳೆಯ ಮನೆಗೇ ಆನಿಸಿ ಕಟ್ಟಿದರೆಂದಾಯಿತು. 2022ರಲ್ಲಿ ಉಕ್ರೇನಿನ ಯುದ್ಧ ಮೊದಲಾದಾಗ ಇದು ಇನ್ನೂ ಸ್ಪಷ್ಟವಾಯಿತು. ಬ್ಯಾಂಕಿನ ಸ್ಥಾಪಕರಲ್ಲಿ ಒಂದಾದ ರಷ್ಯಾಕ್ಕೆ ಹೊಸ ವ್ಯವಹಾರಗಳನ್ನು ಬ್ಯಾಂಕೇ ನಿಲ್ಲಿಸಬೇಕಾಯಿತು. ಪ್ರಪಂಚದ ಹಣದ ಪೇಟೆಯಲ್ಲಿ ಸಾಲ ಎತ್ತಬೇಕಾದ ಸಂಸ್ಥೆಗೆ ಆ ಪೇಟೆಯ ಮುಖ ನೋಡದೆ ಗತಿಯಿಲ್ಲ. ಇದಕ್ಕಾಗಿ ನಾನು ಅವರನ್ನು ಹೆಚ್ಚು ದೂರಲಾರೆ. ಒಂದೇ ದಿನದಲ್ಲಿ ಯಾರೂ ಸ್ವತಂತ್ರರಾಗುವುದಿಲ್ಲ.

ನನ್ನ ಮನಸ್ಸನ್ನು ಕೊರೆಯುವುದು ಬೇರೊಂದು ನಿಯಮ. ಬ್ಯಾಂಕಿನ ಕರಾರಿನಲ್ಲಿ ಮುಂದೆ ಸೇರಬಹುದಾದವರ ವಿಷಯವಾಗಿಯೂ ಬರೆದಿದೆ. ಎಷ್ಟು ದೇಶಗಳು ಸೇರಿದರೂ ಸ್ಥಾಪಕರಾದ ಐವರ ಮತ ಒಟ್ಟಿನಲ್ಲಿ ನೂರಕ್ಕೆ 55ಕ್ಕಿಂತ ಕಡಮೆಯಾಗಕೂಡದು. ಹೊಸದಾಗಿ ಸೇರಿದ ಯಾವ ಒಂದು ದೇಶದ ಮತವೂ ನೂರಕ್ಕೆ 7ನ್ನು ಮೀರಕೂಡದು. 2021ರಲ್ಲಿ ಬಾಂಗ್ಲಾದೇಶ ಸೇರಿತು, ಸಂಯುಕ್ತ ಅರಬ್ ಅಮೀರರ ರಾಜ್ಯ ಸೇರಿತು. ಆಮೇಲೆ ಈಜಿಪ್ಟ್, ಆಲ್ಜೀರಿಯಾ. ಇವರೆಲ್ಲರೂ ಆ ಗೆರೆಯ ಹೊರಗೆ ಕುಳಿತವರು. ಹಳೆಯವರು ನಮಗೆ ಮಾಡಿದ್ದಾದರೂ ಇದೇ ಅಲ್ಲವೆ? ಮೊದಲು ಬಂದವರು ಬಾಗಿಲನ್ನು ತಮ್ಮ ಎತ್ತರಕ್ಕೆ ಇಟ್ಟುಕೊಂಡರು. ಹಿಂದೆ ಬಂದವರು ಬಗ್ಗಿ ಬರಬೇಕಾಯಿತು. ಬಗ್ಗಿ ಬಂದವರಲ್ಲಿ ಐವರು ಕೂಡಿ, ಬಗ್ಗುವುದು ಅವಮಾನವೆಂದು ಘೋಷಿಸಿ, ಬೇರೊಂದು ಮನೆ ಕಟ್ಟಿ, ಅದಕ್ಕೂ ಒಂದು ಕುಳ್ಳು ಬಾಗಿಲನ್ನು ಇಟ್ಟರು. ಆಗ ನಮ್ಮ ನೋವಿನ ವಿಷಯವಾಗಿಯೇ ಒಂದು ಸಂದೇಹ ಬರುತ್ತದೆ. ನಾವು ಇಷ್ಟು ವರ್ಷ ಬೇಕೆಂದು ಕೂಗಿದ್ದು ಸಮಾನತೆಯನ್ನೋ, ಮೇಲಿನ ಪಂಕ್ತಿಯಲ್ಲೊಂದು ಮಣೆಯನ್ನೋ?

ಇದಕ್ಕೆ ಸಮಾಧಾನ ಹೇಳುವವರು ಇಲ್ಲದಿಲ್ಲ. ಸ್ಥಾಪಕರು ಕಾಪಾಡದಿದ್ದರೆ ಧನಿಕ ದೇಶವೊಂದು ನಾಳೆ ಸೇರಿ ಬ್ಯಾಂಕನ್ನೇ ಕೊಂಡುಕೊಂಡೀತು ಎಂಬುದು ಅವರ ವಾದ. ಸಾಲ ತೆಗೆದುಕೊಳ್ಳದ ದೇಶಗಳ ಮತ ಒಟ್ಟಿನಲ್ಲಿ ನೂರಕ್ಕೆ 20ನ್ನು ಮೀರಬಾರದೆಂಬ ಇನ್ನೊಂದು ನಿಯಮ ಆ ಭಯದಿಂದಲೇ ಬಂದದ್ದು. ಈ ಎರಡನೆಯ ನಿಯಮವನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಸಾಲಗಾರನ ಕೈಯಲ್ಲಿ ಸಾಲದ ಸಂಸ್ಥೆಯ ಚುಕ್ಕಾಣಿಯಿರಬೇಕೆಂಬ ಕಣಗಿನಹಾಳದ ಗುಣ ಅದರಲ್ಲಿದೆ. ಆದರೆ ಆ ರಕ್ಷಣೆ ಅದೊಂದರಿಂದಲೇ ಸಿದ್ಧಿಸುತ್ತದೆ. ಬಡ ಬಾಂಗ್ಲಾದೇಶದಿಂದ ಬ್ಯಾಂಕನ್ನು ರಕ್ಷಿಸುವುದಕ್ಕೆ 55ರ ಕೋಟೆ ಬೇಕಾಗಿರಲಿಲ್ಲ.

ಹಾರನಹಳ್ಳಿಯ ಗುಡಿ ಎದ್ದ ಕಾಲವೇ ಹೊಸ ಬಲಗಳು ಏಳುತ್ತಿದ್ದ ಕಾಲ. ಚಾಲುಕ್ಯರ ಸಾಮಂತರಾಗಿದ್ದ ಹೊಯ್ಸಳರು ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸ್ವತಂತ್ರರಾಗಿದ್ದರು. ಅವನ ಮಗ ಇಮ್ಮಡಿ ನರಸಿಂಹನ ಆಳಿಕೆಯಲ್ಲಿ, ಗುಡಿಗೆ ಕೆಲವೇ ವರ್ಷ ಮುಂಚೆ, ಚೋಳ ಮುಮ್ಮಡಿ ರಾಜರಾಜನನ್ನು ಕೋಪ್ಪೆರುಂಜಿಂಗನು ಸೆರೆಹಿಡಿದನು. ಹೊಯ್ಸಳರ ದಂಡನಾಯಕರು ದಕ್ಷಿಣಕ್ಕೆ ದಂಡೆತ್ತಿ ಹೋಗಿ 1231ರಲ್ಲಿ ಆ ರಾಜನನ್ನು ಬಿಡಿಸಿ ಮತ್ತೆ ಪಟ್ಟದಲ್ಲಿ ಕೂಡಿಸಿದರು. ನರಸಿಂಹನು ‘ಚೋಳರಾಜ್ಯ ಪ್ರತಿಷ್ಠಾಪನಾಚಾರ್ಯ’ನೆಂದು ಬಿರುದು ಧರಿಸಿದನು. ಆಪತ್ತಿನಲ್ಲಿ ನೆರೆಯವನಿಗೆ ಕೈಕೊಡುವುದಕ್ಕಿಂತ ಹೆಚ್ಚಿನ ಪುಣ್ಯವೇನುಂಟು? ಆದರೆ ಆ ಕೈ ಹಿಂದಕ್ಕೆ ಬರಲಿಲ್ಲ. ನರಸಿಂಹನ ಮಗ ಸೋಮೇಶ್ವರನು ಶ್ರೀರಂಗದ ಸಮೀಪದ ಕಣ್ಣನೂರಿನಲ್ಲಿಯೇ ಬೀಡುಬಿಟ್ಟು ಅಲ್ಲಿಂದ ಆಳಿದನು. ಅವನ ತರುವಾಯ ರಾಜ್ಯ ಇಬ್ಬರು ಮಕ್ಕಳಲ್ಲಿ ಹಂಚಿಹೋಯಿತು, ಒಬ್ಬನು ದೋರಸಮುದ್ರದಲ್ಲಿ, ಇನ್ನೊಬ್ಬನು ಕಣ್ಣನೂರಿನಲ್ಲಿ. ಚೋಳನ ಸಿಂಹಾಸನ ಉಳಿಯಿತು, ಚೋಳನ ಸ್ವಾತಂತ್ರ್ಯ ಉಳಿಯಲಿಲ್ಲ. ನೆರವು ಪಡೆದವನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನೆರವು ಕೊಟ್ಟವನ ಮನೆಯೂ ಅದರಿಂದ ಎರಡಾಯಿತೆಂಬುದನ್ನು ಹಾಸನದ ಸೀಮೆಯವರಾದ ನಾವು ಬಲ್ಲೆವು. ಇಂದು ಚೀನಾ ಸಾಲ ಕೊಟ್ಟು ಕಟ್ಟಿಸುವ ರೇವುಗಳನ್ನೂ ದಾರಿಗಳನ್ನೂ ಕುರಿತು ಓದುವಾಗ ನನಗೆ ಕಣ್ಣನೂರಿನ ನೆನಪಾಗುವುದುಂಟು. ಭಾರತವು ನೆರೆಯ ಸಣ್ಣ ದೇಶಗಳಿಗೆ ಕೊಡುವ ಸಾಲವನ್ನು ಕುರಿತು ಓದುವಾಗಲೂ ಅದೇ ನೆನಪು ಬರಬೇಕು. ಅಷ್ಟು ಬೇಗ ಬರುವುದಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ.

ಇಷ್ಟು ಹೊತ್ತು ರಾಷ್ಟ್ರ ರಾಷ್ಟ್ರ ಎಂದು ಹೇಳಿದೆವು. ರಾಷ್ಟ್ರವೆಂಬುದು ಕೂಡ ಹೊರಗಿನ ಶಿಖರದಂತೆಯೇ, ಒಳಗಿರುವವರು ಬೇರೆ. 2025ರ ಜನವರಿಯಲ್ಲಿ ಇಂಡೊನೇಷ್ಯಾ ಬ್ರಿಕ್ಸ್ ಕೂಟವನ್ನು ಸೇರಿದಾಗ ಅದು ಹಾರನಹಳ್ಳಿಗೂ ಸಂಬಂಧಪಟ್ಟ ವಾರ್ತೆಯೆಂದು ಯಾರಾದರೂ ಬಗೆದರೋ ಇಲ್ಲವೋ. ಈ ಸೀಮೆಯ ಬದುಕು ತೆಂಗಿನ ಮೇಲೆ ನಿಂತಿದೆ. ಇಂಡೊನೇಷ್ಯಾ ಪ್ರಪಂಚದಲ್ಲೆಲ್ಲ ಅತ್ಯಂತ ಹೆಚ್ಚು ತೆಂಗು ಬೆಳೆಯುವ ದೇಶಗಳಲ್ಲಿ ಒಂದು; ಅದಕ್ಕಿಂತ ಮುಖ್ಯವಾಗಿ, ನಮ್ಮ ದೇಶ ಕೊಳ್ಳುವ ತಾಳೆ ಎಣ್ಣೆಯ ಬಹುಭಾಗ ಅಲ್ಲಿಂದಲೂ ಮಲೇಷ್ಯಾದಿಂದಲೂ ಬರುವುದು. ತಾಳೆ ಎಣ್ಣೆ ಅಗ್ಗವಾದಾಗ ಎಲ್ಲ ಎಣ್ಣೆಗಳ ಬೆಲೆಯೂ ಜಗ್ಗುತ್ತದೆ, ಕೊಬ್ಬರಿಯ ಬೆಲೆಯ ಮೇಲೂ ಅದರ ನೆರಳು ಬೀಳುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆಯೆಂದು ಸರಕಾರ ಸಾರಿದ್ದರೂ ತಿಪಟೂರಿನ ಪೇಟೆಯಲ್ಲಿ ಬೆಲೆ ಅದಕ್ಕಿಂತ ಎಷ್ಟೋ ಕೆಳಗಿಳಿದು, ಬೆಳೆಗಾರರು ಬೀದಿಗಿಳಿದರು. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ತಾಳೆ ಎಣ್ಣೆಯ ಮೇಲೆ ನೂರಕ್ಕೆ 20ರ ಮೂಲ ಸುಂಕ ಬಂದಿತು. 2025ರ ಮೇ ತಿಂಗಳ ಕೊನೆಯಲ್ಲಿ ಅದನ್ನು 10ಕ್ಕೆ ಇಳಿಸಿದರು. ಏರಿಸಿದಾಗ ಇಲ್ಲಿನ ಬೆಳೆಗಾರ ಉಸಿರಾಡಿದ, ಪಟ್ಟಣದಲ್ಲಿ ದಿನಗೂಲಿಯ ಮನೆಯ ಒಗ್ಗರಣೆ ದುಬಾರಿಯಾಯಿತು, ಸುಮಾತ್ರದಲ್ಲಿ ಎರಡು ಎಕರೆಯ ತಾಳೆತೋಟದವನಿಗೆ ನಷ್ಟದ ಭಯ ತಟ್ಟಿತು. ಇಳಿಸಿದಾಗ ಮೂವರ ಪಾತ್ರಗಳೂ ಅದಲುಬದಲಾದವು. ಮೂವರೂ ಬಡವರು, ಮೂವರ ದೇಶಗಳೂ ಈಗ ಮಿತ್ರರು.

ಹೀಗಿರುವಾಗ ಸಹಕಾರವೆಂದರೆ ಯಾರು ಯಾರೊಡನೆ? ತೆಂಗು ಬೆಳೆಯುವ ದೇಶಗಳು 1969ರಲ್ಲಿಯೇ ಒಂದು ಅಂತರಸರಕಾರಿ ಕೂಟವನ್ನು ಕಟ್ಟಿಕೊಂಡಿವೆ. ಅದರ ಕಚೇರಿ ಜಕಾರ್ತದಲ್ಲಿದೆ, ಭಾರತ ಅದರ ಸದಸ್ಯ. ರೋಗ, ತಳಿ, ಸಂಶೋಧನೆ, ಮಾರಾಟ ಇವುಗಳನ್ನು ಕುರಿತು ಅಲ್ಲಿ ವಿಚಾರವಾಗುತ್ತದೆ. ಬ್ರಿಕ್ಸಿನ ಶಂಖನಾದವಿಲ್ಲದೆ ಇಷ್ಟು ವರ್ಷ ನಡೆದುಬಂದ ಅಂತಹ ಕೆಲಸದಲ್ಲಿ ನನಗೆ ಹೆಚ್ಚು ನಂಬಿಕೆ. ಏಕೆಂದರೆ ಅಲ್ಲಿ ಕೂಡಿದವರನ್ನು ಕೂಡಿಸಿದ್ದು ಮೂರನೆಯವರ ಮೇಲಿನ ಸಿಟ್ಟಲ್ಲ, ಒಂದೇ ಮರದ ಕಷ್ಟಸುಖ. 2020ರಲ್ಲಿ ಗಲ್ವಾನ್ ಕಣಿವೆಯಲ್ಲಿ ಭಾರತ ಚೀನಾಗಳ ಸೈನಿಕರು ಕೈಕೈ ಮಿಲಾಯಿಸಿ ಸತ್ತ ಮೇಲೆಯೂ ಎರಡು ದೇಶಗಳೂ ಶಾಂಘೈಯ ಬ್ಯಾಂಕಿನಲ್ಲಿ ಒಂದೇ ಮೇಜಿಗೆ ಕುಳಿತವು. ಇದನ್ನು ಕಪಟವೆಂದು ಕೆಲವರು ನಗುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಗಡಿಯ ಬದುವಿಗಾಗಿ ಕಚೇರಿ ಹತ್ತಿದ ದಾಯಾದಿಗಳು ಕೂಡ ಕೆರೆಯ ತೂಬು ಕೆಟ್ಟಾಗ ಒಟ್ಟಿಗೆ ಮಣ್ಣು ಹೊರುವುದನ್ನು ಈ ಸೀಮೆಯಲ್ಲಿ ನೋಡಿದ್ದೇವೆ. ತೂಬಿನ ಕೆಲಸ ಯಾವುದು, ಯಾರ ಗದ್ದೆಗೆ ನೀರು ಮೊದಲು ಎಂಬುದು ಇಬ್ಬರಿಗೂ ತಿಳಿದಿದ್ದರೆ ಸಾಕು.

ಹಾರನಹಳ್ಳಿಯ ಸುತ್ತಿನ ತೋಟಗಳಲ್ಲಿ ಉಂಡೆ ಕೊಬ್ಬರಿಗೆಂದು ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. ಒಳಗಿನ ನೀರು ತಾನೇ ಹಿಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉರುಳುವಷ್ಟಾಗುವುದಕ್ಕೆ ಎಂಟು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಗಡಗಡ ಸದ್ದಾದರೆ ಇಳಿಸುತ್ತಾರೆ. ಈಗ ಅಟ್ಟಕ್ಕೆ ಏರಿದ ಕಾಯಿ ಇಳಿಯುವ ಹೊತ್ತಿಗೆ ಸುಂಕ ಎಷ್ಟಿರುವುದೋ, ಕೂಟಕ್ಕೆ ಇನ್ನಾರು ಸೇರಿರುವರೋ, ಯಾರ ಮತಕ್ಕೆ ಎಷ್ಟು ತೂಕವೋ, ಇವು ಯಾವುದನ್ನೂ ಆ ಬೆಳೆಗಾರ ಗೊತ್ತುಮಾಡುವವನಲ್ಲ. ಊರಿನ ಸಹಕಾರ ಸಂಘದಲ್ಲಿ ಮಾತ್ರ ಅವನಿಗೆ ಒಂದು ಮತವಿದೆ. ಅದನ್ನು ಹಾಕುವುದಕ್ಕೆ ಅವನು ಹೋಗುತ್ತಾನೆ, ಏಣಿಯನ್ನು ಅಟ್ಟಕ್ಕೆ ಒರಗಿಸಿಟ್ಟು.